ಆಂಟಿವೈರಸ್ ಇದೆ ಸರಿ, ಕೊನೆಯ ಅಪ್‌ಡೇಟ್ ಯಾವತ್ತು?

"ನಮ್ಮ ಕಂಪ್ಯೂಟರಿಗೆ ಆಂಟಿವೈರಸ್ ಹಾಕಿಸಿದೀವಲ್ಲ" ಅನ್ನುವ ಮನೆಗಳು ಬೇಕಾದಷ್ಟಿವೆ. ಅದು ಈಗಲೂ ಕೆಲಸ ಮಾಡುತ್ತಿದೆಯೇ ಅಂತ ತೆಗೆದು ನೋಡಿದವರು ಕಡಿಮೆ. ಲ್ಯಾಪ್‌ಟಾಪಿನ ಜೊತೆಗೇ ಬಂದ ಟ್ರಯಲ್ ಪ್ಯಾಕ್ ತಿಂಗಳಿಗೋ ವರ್ಷಕ್ಕೋ ಮುಗಿದಿರುತ್ತದೆ. ಅಂಗಡಿಯವರು ಹಾಕಿಕೊಟ್ಟ ಒಂದು ವರ್ಷದ ಕೀ ಹೋದ ದಸರಾಕ್ಕೇ ತೀರಿರುತ್ತದೆ. ಆದರೂ ಅದರ ಐಕಾನ್ ಗಡಿಯಾರದ ಪಕ್ಕ ಕೂತೇ ಇರುತ್ತದೆ. ದಿನಕ್ಕೊಂದು ಸಲ "ರಿನ್ಯೂ ಮಾಡಿ" ಅಂತ ಒಂದು ಪೆಟ್ಟಿಗೆ ಮೂಡುತ್ತದೆ, ನಾವು ಮೂಲೆಯ ಇಂಟು ಗುರುತು ಒತ್ತಿ ಮುಂದೆ ಹೋಗುತ್ತೇವೆ.

ಆಂಟಿವೈರಸ್ ಮಾಡುವ ಕೆಲಸ ಸರಳ. ಒಳಗೆ ಬರುವ ಫೈಲುಗಳನ್ನು ತನ್ನ ಹತ್ತಿರ ಇರುವ ವೈರಸ್‌ಗಳ ಪಟ್ಟಿಯ ಜೊತೆ ತಾಳೆ ನೋಡುತ್ತದೆ, ಓಡುತ್ತಿರುವ ಪ್ರೋಗ್ರಾಂಗಳ ನಡವಳಿಕೆಯ ಮೇಲೂ ಕಣ್ಣಿಡುತ್ತದೆ. ಚೆಕ್‌ಪೋಸ್ಟಿನಲ್ಲಿ ಕೂತ ಪೇದೆಯ ಕೈಯಲ್ಲಿ ಹೋದ ವರ್ಷದ ಕಳ್ಳರ ಫೋಟೋ ಮಾತ್ರ ಇದ್ದರೆ ಈ ವರ್ಷದ ಕಳ್ಳ ಅವನಿಗೇ ನಮಸ್ಕಾರ ಹೊಡೆದು ದಾಟಿಹೋಗುತ್ತಾನೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಅನ್ನುವ ಆಂಟಿವೈರಸ್‌ಗೆ ಆ ಪಟ್ಟಿ ದಿನಕ್ಕೆ ಹಲವು ಸಲ ಹೊಸದಾಗಿ ಬರುತ್ತದೆ. ಒಂದು ತಿಂಗಳು ಅಪ್‌ಡೇಟ್ ಆಗದೆ ಕೂತ ಆಂಟಿವೈರಸ್ ಎಷ್ಟು ಹಿಂದೆ ಬಿದ್ದಿರುತ್ತದೆ ಅನ್ನುವುದನ್ನು ಇದರಿಂದಲೇ ಅಂದಾಜು ಮಾಡಿಕೊಳ್ಳಬಹುದು.

ಪಟ್ಟಿ ಒಂದು ಕಡೆಯಾದರೆ ಬಾಗಿಲಿನ ಬೀಗ ಇನ್ನೊಂದು ಕಡೆ. 2017ರ ಮೇ 12ರಂದು ವಾನ್ನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಜಗತ್ತಿನ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿತು. ಫೈಲುಗಳನ್ನೆಲ್ಲ ಬೀಗ ಹಾಕಿ 300 ಡಾಲರ್ ಬಿಟ್‌ಕಾಯಿನ್ ಕೊಡಿ ಅಂತ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ್ದು ವಿಂಡೋಸ್‌ನ ಫೈಲ್ ಹಂಚಿಕೆಯ ವ್ಯವಸ್ಥೆಯಲ್ಲಿದ್ದ ಒಂದು ತೂತಿನಿಂದ. ಆ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಟ್ಟಿತ್ತು. ಅಂದರೆ ಸುಮಾರು ಎರಡು ತಿಂಗಳ ಕಾಲಾವಕಾಶ ಇತ್ತು. ಹಾಕಿಕೊಂಡವರ ಬಾಗಿಲು ಮುಚ್ಚಿತ್ತು, "ರಿಮೈಂಡ್ ಮಿ ಲೇಟರ್" ಒತ್ತಿದವರದು ತೆರೆದೇ ಇತ್ತು.

ಇಲ್ಲಿ ಹೇಳುವುದೆಲ್ಲ ಮನೆಯ ವಿಂಡೋಸ್ ಕಂಪ್ಯೂಟರಿಗೆ. ಕಚೇರಿಯ ಲ್ಯಾಪ್‌ಟಾಪ್ ಆದರೆ ಕೈ ಹಾಕಬೇಡಿ, ಅದನ್ನು ಅಲ್ಲಿನ ಐಟಿಯವರು ನೋಡಿಕೊಳ್ಳುತ್ತಾರೆ.

ಮೊದಲು, ಕಾವಲಿಗೆ ಯಾರಿದ್ದಾರೆ ನೋಡಿ

ಸ್ಟಾರ್ಟ್ ಒತ್ತಿ "ವಿಂಡೋಸ್ ಸೆಕ್ಯುರಿಟಿ" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ತೆರೆಯಿರಿ. ಗಡಿಯಾರದ ಪಕ್ಕದ ಗುರಾಣಿ ಚಿತ್ರವನ್ನು ಒತ್ತಿದರೂ ಅದೇ ತೆರೆಯುತ್ತದೆ. ಆ ಗುರಾಣಿಯ ಮೇಲೆ ಹಸಿರು ಟಿಕ್ ಇದ್ದರೆ ಎಲ್ಲ ಸರಿ. ಹಳದಿ ಆಶ್ಚರ್ಯಸೂಚಕ ಇದ್ದರೆ ಏನೋ ಒಂದನ್ನು ನೀವು ಮಾಡಬೇಕಿದೆ. ಕೆಂಪು ಇಂಟು ಇದ್ದರೆ ಈಗಲೇ ಮಾಡಬೇಕಿದೆ.

ತೀರ್ಥಹಳ್ಳಿ ಕಡೆಯ ನನ್ನ ಸೋದರಮಾವನ ಮನೆಯಲ್ಲಿ ಅಡಿಕೆ ಲೆಕ್ಕ, ಸೊಸೈಟಿ ಪತ್ರ ಎಲ್ಲವೂ ಒಂದು ಡೆಸ್ಕ್‌ಟಾಪಿನಲ್ಲಿ. ಹೋದಾಗ ನೋಡಿದರೆ ಗುರಾಣಿಯ ಮೇಲೆ ಕೆಂಪು ಇಂಟು.

"ಮಾವ, ಇದು ಯಾವಾಗಿಂದ ಹೀಗಿದೆ?"

"ಯಾವುದು, ಆ ಕೆಂಪಾ? ಅದು ಮೊದಲಿಂದಲೂ ಹಾಗೇ ಇತ್ತಲ್ಲ ಮಾರಾಯ. ಅದರ ಬಣ್ಣವೇ ಹಾಗೆ ಅಂದ್ಕೊಂಡಿದ್ದೆ."

ಒಳಗೆ ಹೋಗಿ "ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್" ತೆಗೆದರೆ ಯಾರು ಕಾವಲಿದ್ದಾರೆ ಅನ್ನುವುದು ಮೇಲೆಯೇ ಕಾಣಿಸುತ್ತದೆ. ಕಾಣದಿದ್ದರೆ "ಮ್ಯಾನೇಜ್ ಪ್ರೊವೈಡರ್ಸ್" ಅನ್ನುವ ಕೊಂಡಿ ಹುಡುಕಿ. ಮಾವನ ಕಂಪ್ಯೂಟರಿನಲ್ಲಿ ಎರಡು ಹೆಸರು ಇದ್ದವು. ಒಂದು, ಯಾವಾಗಲೋ ಅವಧಿ ಮುಗಿದ ದುಡ್ಡು ಕೊಟ್ಟ ಆಂಟಿವೈರಸ್. ಇನ್ನೊಂದು ಡಿಫೆಂಡರ್. ಮೊದಲನೆಯದು ಜಾಗ ಬಿಡದ್ದರಿಂದ ಎರಡನೆಯದು ಸುಮ್ಮನೆ ಪಕ್ಕದಲ್ಲಿ ಕೂತಿತ್ತು. ವಿಂಡೋಸ್‌ನಲ್ಲಿ ಬೇರೆ ಆಂಟಿವೈರಸ್ ಹಾಕಿದ ಕೂಡಲೇ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಹಾಕಿದ್ದರ ಅವಧಿ ಮುಗಿದ ಮೇಲೂ ಅದು ಅಲ್ಲೇ ತಳವೂರಿದ್ದರೆ ಡಿಫೆಂಡರ್ ಮುಂದೆ ಬಂದೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಮನೆ ಕಂಪ್ಯೂಟರುಗಳಲ್ಲಿ ನಾನು ಅತಿ ಹೆಚ್ಚು ನೋಡಿದ ತೊಂದರೆ ಇದೇ.

ಈಗ ತಾರೀಖು. ಅದೇ ಪುಟದಲ್ಲಿ ಕೆಳಗೆ "ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಅಪ್‌ಡೇಟ್ಸ್" ಅಂತ ಇದೆ, ಅದರಡಿ "ಲಾಸ್ಟ್ ಅಪ್‌ಡೇಟ್" ಎಂದು ದಿನ, ಹೊತ್ತು ಬರೆದಿರುತ್ತದೆ. ಇವತ್ತಿನದೋ ನಿನ್ನೆಯದೋ ಇರಬೇಕು. ವಾರ ದಾಟಿದ್ದರೆ "ಪ್ರೊಟೆಕ್ಷನ್ ಅಪ್‌ಡೇಟ್ಸ್" ಒಳಗೆ ಹೋಗಿ "ಚೆಕ್ ಫಾರ್ ಅಪ್‌ಡೇಟ್ಸ್" ಒತ್ತಿ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಅದನ್ನೇ ತೆರೆದು ಎರಡು ತಾರೀಖು ನೋಡಿ: ಲೈಸೆನ್ಸ್ ಯಾವತ್ತಿನವರೆಗೆ, ಡೇಟಾಬೇಸ್ (ಅಂದರೆ ಆ ವೈರಸ್ ಪಟ್ಟಿ) ಯಾವತ್ತಿನದು. ಎರಡೂ ಬೇರೆ ಬೇರೆ. ಲೈಸೆನ್ಸ್ ಇದ್ದೂ ಡೇಟಾಬೇಸ್ ಹಳೆಯದಾಗಿರುವುದು ಉಂಟು.

ಹಸಿರು ಟಿಕ್ ನೋಡಿಯೂ ನಂಬಿಕೆ ಬರದವರಿಗೆ ಒಂದು ಪರೀಕ್ಷೆ ಇದೆ. ಐಕಾರ್ ಅನ್ನುವ ಸಂಸ್ಥೆಯ ವೆಬ್‌ಸೈಟಿನಲ್ಲಿ ಬರೀ 68 ಅಕ್ಷರಗಳ ಒಂದು ಪರೀಕ್ಷಾ ಫೈಲ್ ಸಿಗುತ್ತದೆ. ಅದರಲ್ಲಿ ವೈರಸ್ ಇಲ್ಲ, ಏನೂ ಹಾಳಾಗುವುದಿಲ್ಲ. ಅದನ್ನು ಕಂಡರೆ ವೈರಸ್ ಅಂತ ಕೂಗಬೇಕು ಎಂದು ಆಂಟಿವೈರಸ್ ತಯಾರಕರು ಒಪ್ಪಿಕೊಂಡಿದ್ದಾರೆ, ಅಷ್ಟೇ. ಡೌನ್‌ಲೋಡ್ ಮಾಡಲು ಹೋದಾಗ ನಿಮ್ಮ ಆಂಟಿವೈರಸ್ ತಡೆದರೆ ಅದು ಎಚ್ಚರವಾಗಿದೆ ಎಂದರ್ಥ. ಫೈಲ್ ತಣ್ಣಗೆ ಬಂದು ಕೂತರೆ ಮುಂದಿನದನ್ನು ಓದಿ.

ಹಳೆಯದನ್ನು ರಿನ್ಯೂ ಮಾಡಿ ಅಥವಾ ಕಿತ್ತುಹಾಕಿ

ಮೂರನೆಯ ದಾರಿ ಇಲ್ಲ. ಅವಧಿ ಮುಗಿದದ್ದನ್ನು ಹಾಗೇ ಇಟ್ಟುಕೊಳ್ಳುವುದು ಏನೂ ಇಲ್ಲದೆ ಇರುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ಡಿಫೆಂಡರ್‌ಗೂ ಅಡ್ಡ.

ತೆಗೆಯುವುದಾದರೆ ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್ ಒಳಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿ. "ಹೋಗಬೇಡಿ, ಅರ್ಧ ಬೆಲೆಗೆ ಕೊಡ್ತೀವಿ" ಅನ್ನುವ ಪೆಟ್ಟಿಗೆಗಳು ಒಂದರ ಹಿಂದೆ ಒಂದು ಬರುತ್ತವೆ. ದಾಕ್ಷಿಣ್ಯ ಬೇಡ. ಕೊನೆಗೆ ರೀಸ್ಟಾರ್ಟ್ ಮಾಡಿ. ಕೆಲವು ಆಂಟಿವೈರಸ್‌ಗಳು ಹೀಗೆ ಪೂರ್ತಿ ಹೋಗುವುದಿಲ್ಲ, ಅಂಥವಕ್ಕೆ ಆಯಾ ಕಂಪನಿಯ ವೆಬ್‌ಸೈಟಿನಲ್ಲೇ ರಿಮೂವಲ್ ಟೂಲ್ ಇರುತ್ತದೆ. ಹೋದ ಮೇಲೆ ವಿಂಡೋಸ್ ಸೆಕ್ಯುರಿಟಿಗೆ ವಾಪಸ್ ಬಂದು ಡಿಫೆಂಡರ್ ಆನ್ ಆಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಮಾವನ ಕಂಪ್ಯೂಟರಿನಲ್ಲಿ ರೀಸ್ಟಾರ್ಟ್ ಆಗಿ ಅಪ್‌ಡೇಟ್ ಮುಗಿಯುತ್ತಿದ್ದಂತೆ ಗುರಾಣಿ ಹಸಿರಾಯಿತು. ಖರ್ಚು ಸೊನ್ನೆ.

ದುಡ್ಡು ಕೊಟ್ಟು ಕೊಳ್ಳಬೇಕೇ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಸಾಮಾನ್ಯ ಮನೆ ಬಳಕೆಗೆ, ಅಂದರೆ ಬ್ರೌಸಿಂಗ್, ಬ್ಯಾಂಕ್, ಮಕ್ಕಳ ಓದು, ಒಂದಿಷ್ಟು ಎಕ್ಸೆಲ್, ಇಷ್ಟಕ್ಕೆ ಡಿಫೆಂಡರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ತೊಂದರೆ ಆದಾಗ ಫೋನ್ ಮಾಡಿ ಕೇಳಲು ಯಾರಾದರೂ ಬೇಕು, ಮಕ್ಕಳ ಬಳಕೆಯ ಮೇಲೆ ಹಿಡಿತ ಬೇಕು, ಮನೆಯ ನಾಲ್ಕಾರು ಫೋನು ಲ್ಯಾಪ್‌ಟಾಪಿಗೆಲ್ಲ ಒಟ್ಟಿಗೆ ಬೇಕು ಅನ್ನುವವರು ಕೊಳ್ಳಲಿ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದ್ದೇ ಕಂಪನಿಗಳು. ಕೊಂಡರೆ ಒಂದನ್ನು ಮಾತ್ರ ಹಾಕಿ. ಎರಡು ಆಂಟಿವೈರಸ್ ಒಟ್ಟಿಗೆ ಇದ್ದರೆ ಒಂದು ಹಿಡಿದ ಫೈಲನ್ನು ಇನ್ನೊಂದು ಹಿಡಿಯಲು ಹೋಗಿ ಕಂಪ್ಯೂಟರ್ ಆಮೆಯಾಗುತ್ತದೆ.

ಪುಕ್ಕಟೆ ಆಂಟಿವೈರಸ್‌ಗಳ ಬಗ್ಗೆ ಒಂದು ಮಾತು. ಬಹಳ ಮನೆಗಳಲ್ಲಿದ್ದ ಅವಾಸ್ಟ್, ತನ್ನ ಬಳಕೆದಾರರು ಯಾವ ಯಾವ ವೆಬ್‌ಸೈಟ್ ನೋಡಿದರು ಅನ್ನುವ ಮಾಹಿತಿಯನ್ನು ಮಾರಿದ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಲು ಹೇಳಿತು. ಡಿಫೆಂಡರ್ ಒಳಗೇ ಇರುವಾಗ ಹೊರಗಿನ ಪುಕ್ಕಟೆ ಯಾಕೆ ಬೇಕು ಅಂತ ನನಗಂತೂ ತಿಳಿಯದು.

ವಿಂಡೋಸ್ ಅಪ್‌ಡೇಟ್: ಎಲ್ಲರಿಗೂ ಬೇಡವಾದ ಅತಿಥಿ

ಸೆಟ್ಟಿಂಗ್ಸ್ ತೆರೆದು "ವಿಂಡೋಸ್ ಅಪ್‌ಡೇಟ್" ಒಳಗೆ ಹೋಗಿ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಮೈಕ್ರೋಸಾಫ್ಟ್ ಭದ್ರತೆಯ ಅಪ್‌ಡೇಟುಗಳನ್ನು ಬಿಡುತ್ತದೆ. ನಮ್ಮಲ್ಲಿ ಆಗ ರಾತ್ರಿ ಹತ್ತು ಗಂಟೆ ದಾಟಿರುತ್ತದೆ, ಹಾಗಾಗಿ ಕಂಪ್ಯೂಟರಿಗೆ ಅದು ಕಾಣಿಸುವುದು ಬುಧವಾರದಿಂದ.

ಅಪ್‌ಡೇಟ್ ಆಗದಿರುವುದಕ್ಕೆ ನಮ್ಮ ಕಡೆ ಸಿಗುವ ಕಾರಣಗಳು ಸಾಮಾನ್ಯವಾಗಿ ಮೂರು.

ಮೊದಲನೆಯದು ಮೊಬೈಲ್ ಹಾಟ್‌ಸ್ಪಾಟ್. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಕಂಪ್ಯೂಟರ್ ಓಡಿಸುವವರು ನೆಟ್ ಖಾಲಿಯಾಗುತ್ತದೆ ಎಂದು "ಮೀಟರ್ಡ್ ಕನೆಕ್ಷನ್" ಆನ್ ಮಾಡಿರುತ್ತಾರೆ. ಹಾಗೆ ಮಾಡಿದರೆ ವಿಂಡೋಸ್ ದೊಡ್ಡ ಅಪ್‌ಡೇಟುಗಳನ್ನು ಇಳಿಸುವುದನ್ನು ತಡೆಹಿಡಿಯುತ್ತದೆ. ಮಾಡಿದ್ದು ತಪ್ಪೇನಲ್ಲ, ಆದರೆ ಒಂದು ಉಪಾಯ ಬೇಕು. ತಿಂಗಳಿಗೊಮ್ಮೆ, ಎರಡನೆಯ ಮಂಗಳವಾರದ ನಂತರದ ಯಾವುದಾದರೂ ದಿನ, ಲ್ಯಾಪ್‌ಟಾಪನ್ನು ವೈಫೈ ಇರುವ ಮನೆಗೆ ಒಯ್ದು ಅಪ್‌ಡೇಟ್ ಮಾಡಿ ತನ್ನಿ. ಡೆಸ್ಕ್‌ಟಾಪ್ ಆದರೆ ಪ್ಯಾಕಿನಲ್ಲಿ ಉಳಿದ ನೆಟ್ಟನ್ನು ರಾತ್ರಿ ಇದಕ್ಕೇ ಬಿಡಿ. "ಅಡ್ವಾನ್ಸ್ಡ್ ಆಪ್ಷನ್ಸ್" ಒಳಗೆ ಮೀಟರ್ಡ್ ನೆಟ್ಟಿನಲ್ಲೂ ಇಳಿಸಲು ಅನುಮತಿ ಕೊಡುವ ಗುಂಡಿ ಇದೆ. ಡಿಫೆಂಡರ್‌ನ ಪಟ್ಟಿಯನ್ನು ಮಾತ್ರ ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತರುವುದೂ ಸಾಧ್ಯ. ಮೈಕ್ರೋಸಾಫ್ಟ್‌ನ ಸೆಕ್ಯುರಿಟಿ ಇಂಟೆಲಿಜೆನ್ಸ್ ಪುಟದಲ್ಲಿ ಆ ಫೈಲ್ ಇದೆ, ನೂರು ಎಂಬಿಗಿಂತ ದೊಡ್ಡದು. ತಂದು ಡಬಲ್ ಕ್ಲಿಕ್ ಮಾಡಿದರೆ ಮುಗಿಯಿತು.

ಎರಡನೆಯದು ಕರೆಂಟು. ಅಪ್‌ಡೇಟ್ ಅರ್ಧದಲ್ಲಿ ಇರುವಾಗ ಕರೆಂಟ್ ಹೋದರೆ ವಿಂಡೋಸ್ ಕೆಟ್ಟು ಕೂರಬಹುದು ಅನ್ನುವ ಹೆದರಿಕೆ ಸುಳ್ಳಲ್ಲ. ಬಹಳ ಸಲ ತಾನೇ ಹಿಂದಕ್ಕೆ ಸರಿದು ರಿಪೇರಿ ಮಾಡಿಕೊಳ್ಳುತ್ತದೆ, ಆದರೂ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ. ಯುಪಿಎಸ್ ಇದ್ದರೂ ಅದರ ಬ್ಯಾಟರಿ ಸತ್ತು ಎಷ್ಟು ಕಾಲವಾಗಿದೆ ನೋಡಿಕೊಳ್ಳಿ. ಲ್ಯಾಪ್‌ಟಾಪಾದರೆ ಚಾರ್ಜರ್ ಹಾಕಿಯೇ ಇರಲಿ. "ಆ್ಯಕ್ಟಿವ್ ಅವರ್ಸ್" ನಲ್ಲಿ ನೀವು ಕೆಲಸ ಮಾಡುವ ಹೊತ್ತು ಹೇಳಿಟ್ಟರೆ ಆ ಹೊತ್ತಿನಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ.

ಮೂರನೆಯದು, ಕಂಪ್ಯೂಟರ್ ಜೋಡಿಸಿ ಕೊಟ್ಟವರೇ ಅಪ್‌ಡೇಟ್ ಬಂದ್ ಮಾಡಿರುವುದು. ವಿಂಡೋಸ್ ಲೈಸೆನ್ಸ್ ಕೊಳ್ಳದೆ ಕ್ರ್ಯಾಕ್ ಹಾಕಿ ಕೊಟ್ಟಾಗ, ಅಪ್‌ಡೇಟ್ ಬಂದು ಬಣ್ಣ ಬಯಲಾಗದಿರಲಿ ಎಂದು ಅದನ್ನೂ ಡಿಫೆಂಡರನ್ನೂ ಆಫ್ ಮಾಡುವುದು ಅನೇಕ ಕಡೆ ರೂಢಿ. ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಷನ್ ಒಳಗೆ ನಿಮ್ಮ ವಿಂಡೋಸ್ ಆ್ಯಕ್ಟಿವೇಟ್ ಆಗಿದೆಯೇ ಎಂದು ಕಾಣಿಸುತ್ತದೆ, ಆದರೆ ಕ್ರ್ಯಾಕ್ ಕೂಡ ಅಲ್ಲಿ ಹಸಿರು ತೋರಿಸಬಲ್ಲದು. ಬಿಲ್ಲಿನಲ್ಲಿ ವಿಂಡೋಸ್ ಎಂದು ಬರೆದಿದೆಯೇ ನೋಡುವುದು ಉತ್ತಮ. ಬರೆದಿಲ್ಲ, ಅಪ್‌ಡೇಟ್ ಗುಂಡಿಯೂ ಕೆಲಸ ಮಾಡುತ್ತಿಲ್ಲ ಅಂತಾದರೆ ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ. ವಿಂಡೋಸನ್ನು ಸರಿಯಾದ ಮೂಲದಿಂದ ಹೊಸದಾಗಿ ಹಾಕಿಸಿಕೊಳ್ಳುವುದೊಂದೇ ದಾರಿ.

ಅಪ್‌ಡೇಟಿನಿಂದಲೇ ಕೆಡುತ್ತದಲ್ಲ ಅಂತ ಕೇಳುವವರಿದ್ದಾರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದು ದೊಡ್ಡ ಕಂಪನಿಗಳು ಬಳಸುವ ತಂತ್ರಾಂಶ, ಮನೆ ಕಂಪ್ಯೂಟರುಗಳಿಗೆ ಅದರ ಬಿಸಿ ತಟ್ಟಲಿಲ್ಲ. ಹೆದರಿಕೆ ಇದ್ದರೆ "ಪಾಝ್ ಫಾರ್ 1 ವೀಕ್" ಒತ್ತಿ ಒಂದು ವಾರ ತಡೆದು ಹಾಕಿಕೊಳ್ಳಿ. ವಾರ ತಡೆಯುವುದು ಜಾಣತನ, ವರ್ಷ ತಡೆಯುವುದು ಬೇರೆಯೇ ವಿಷಯ.

ವಿಂಡೋಸ್ 10 ಇನ್ನೂ ಇದೆಯೇ?

ವಿಂಡೋಸ್ ಕೀ ಹಿಡಿದು ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಡಬ್ಲ್ಯು, ಐ, ಎನ್, ವಿ, ಇ, ಆರ್ ಅಕ್ಷರಗಳನ್ನು ಕೂಡಿಸಿ ಟೈಪ್ ಮಾಡಿ ಎಂಟರ್ ಒತ್ತಿ. ಯಾವ ವಿಂಡೋಸ್ ಎಂದು ಗೊತ್ತಾಗುತ್ತದೆ.

ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ಓಡುವುದೇನೂ ನಿಲ್ಲುವುದಿಲ್ಲ, ಅದಕ್ಕೇ ಬಹಳ ಜನಕ್ಕೆ ಗೊತ್ತೇ ಆಗಿಲ್ಲ. ಆಮೇಲೆ ಪತ್ತೆಯಾಗುವ ತೂತುಗಳನ್ನು ಮುಚ್ಚಲು ಇಎಸ್‌ಯು (ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್) ಅನ್ನುವ ಯೋಜನೆಗೆ ಸೇರಬೇಕು. ಮನೆ ಬಳಕೆದಾರರಿಗೆ ಅದು 2026ರ ಅಕ್ಟೋಬರ್ 13ರವರೆಗೆ ಎಂದು ಮೈಕ್ರೋಸಾಫ್ಟ್ ಹೇಳಿತ್ತು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಕೊಂಡಿ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗುಗಳನ್ನು ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡಿಲ್ಲ, ಇಲ್ಲದಿದ್ದರೆ 30 ಡಾಲರ್. ಡಿಫೆಂಡರ್‌ನ ಪಟ್ಟಿ ಮಾತ್ರ ವಿಂಡೋಸ್ 10ಕ್ಕೆ 2028ರ ಅಕ್ಟೋಬರ್‌ವರೆಗೂ ಬರುತ್ತದೆ. ಹಾಗಂತ ನಿಶ್ಚಿಂತೆ ಬೇಡ: ಕಳ್ಳರ ಫೋಟೋ ಬರುತ್ತಿದ್ದರೂ ಬಾಗಿಲಿನ ಬೀಗ ಹಳೆಯದೇ.

ವಿಂಡೋಸ್ 11 ಹಾಕಲು ಟಿಪಿಎಂ 2.0 ಅನ್ನುವ ಚಿಪ್ಪು, ಸೆಕ್ಯೂರ್ ಬೂಟ್, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಪ್ರೊಸೆಸರ್ ಬೇಕು. ಟಿಪಿಎಂ ಇದ್ದೂ ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನದೇ ಸೆಟ್ಟಿಂಗಿನಲ್ಲಿ, ಆಫ್ ಆಗಿರುವ ಮದರ್‌ಬೋರ್ಡುಗಳು ಬೇಕಾದಷ್ಟಿವೆ, ಹೊಸ ಕಂಪ್ಯೂಟರ್ ಕೊಳ್ಳುವ ಮುಂಚೆ ಅದನ್ನೊಮ್ಮೆ ನೋಡಿಸಿ. ಆಗದೇ ಇದ್ದರೆ ಬರೀ ಬ್ರೌಸರ್ ಬಳಸುವ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಬಹುದು. ವಿಂಡೋಸ್ 7 ಇಟ್ಟುಕೊಂಡವರಿಗೆ ಹೇಳುವುದಿಷ್ಟೇ: ಅದರ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ, ಕ್ರೋಮ್ ಕೂಡ 2023ರಿಂದ ಅದನ್ನು ಕೈಬಿಟ್ಟಿದೆ. ನೆಟ್ ತಂತಿ ತೆಗೆದು ಹಾಡು ಕೇಳಲು ಇಟ್ಟುಕೊಳ್ಳಿ.

ಬ್ರೌಸರ್, ವಿನ್‌ರಾರ್, ಇತ್ಯಾದಿ

ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ತಾವೇ ಅಪ್‌ಡೇಟ್ ಆಗುತ್ತವೆ, ಆದರೆ ಮುಚ್ಚಿ ತೆರೆದಾಗ ಮಾತ್ರ ಹೊಸದು ಜಾರಿಗೆ ಬರುತ್ತದೆ. ನಲವತ್ತು ಟ್ಯಾಬ್ ತೆರೆದಿಟ್ಟು ಲ್ಯಾಪ್‌ಟಾಪಿನ ಮುಚ್ಚಳವನ್ನಷ್ಟೇ ಮುಚ್ಚುವವರು ವಾರಕ್ಕೊಮ್ಮೆಯಾದರೂ ಬ್ರೌಸರ್ ಮುಚ್ಚಿ.

ಝಿಪ್, ರಾರ್ ಫೈಲುಗಳನ್ನು ಬಿಚ್ಚುವ ವಿನ್‌ರಾರ್ ಬೇರೆ ಕಥೆ. ನಲವತ್ತು ದಿನದ ಟ್ರಯಲ್ ಎಂದು ಹೇಳಿ ವರ್ಷಗಟ್ಟಲೆ ಓಡುವ ಈ ತಂತ್ರಾಂಶ ಇಲ್ಲದ ಕಂಪ್ಯೂಟರ್ ನಮ್ಮಲ್ಲಿ ಅಪರೂಪ. ಅದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ. 2023ರಲ್ಲಿ ಒಂದು, 2025ರಲ್ಲಿ ಇನ್ನೊಂದು ದೊಡ್ಡ ತೂತು ಅದರಲ್ಲಿ ಪತ್ತೆಯಾಗಿ, ಎರಡನ್ನೂ ದುಷ್ಕರ್ಮಿಗಳು ಬಳಸಿಕೊಂಡರು. 2025ರದನ್ನು ಮುಚ್ಚಿದ್ದು 7.13ನೆಯ ಆವೃತ್ತಿ. ಹೆಲ್ಪ್ ಒಳಗೆ ಅಬೌಟ್ ಒತ್ತಿ ನೋಡಿ, ಅದಕ್ಕಿಂತ ಹಿಂದಿನದಾದರೆ ಅವರ ವೆಬ್‌ಸೈಟಿನಿಂದಲೇ ಹೊಸದು ಹಾಕಿಕೊಳ್ಳಿ. ಝಿಪ್ ಬಿಚ್ಚುವುದಷ್ಟೇ ಕೆಲಸವಾದರೆ ಅನ್‌ಇನ್‌ಸ್ಟಾಲ್ ಮಾಡಿ, ವಿಂಡೋಸ್ ತಾನೇ ಬಿಚ್ಚುತ್ತದೆ.

ಫ್ಲ್ಯಾಶ್ ಪ್ಲೇಯರ್ ಅಪ್‌ಡೇಟ್ ಮಾಡಿ ಎಂದು ಯಾವುದಾದರೂ ಪುಟ ಹೇಳಿದರೆ ಅದು ಮೋಸ. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೇ ಕೊನೆಯಾಗಿದೆ.

ಕನ್ನಡ ಟೈಪಿಂಗ್‌ಗಾಗಿ ಕಂಡಕಂಡ ಸೈಟಿನಿಂದ ಸಾಫ್ಟ್‌ವೇರ್ ಇಳಿಸುವುದನ್ನೂ ಬಿಡಿ. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, 2019ರ ಮೇ ಅಪ್‌ಡೇಟಿನಿಂದ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೋನೆಟಿಕ್ ಕೀಬೋರ್ಡೂ ಬಂದಿದೆ. ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿದರೆ ಸಿಗುತ್ತದೆ. ನುಡಿಯೇ ಬೇಕೆಂದರೆ ಅದರ ಅಧಿಕೃತ ತಾಣದಿಂದಲೇ ತೆಗೆದುಕೊಳ್ಳಿ.

ಒಳಗಿನ ಗುಂಡಿಗಳು

ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ನ "ಮ್ಯಾನೇಜ್ ಸೆಟ್ಟಿಂಗ್ಸ್" ಒಳಗೆ "ರಿಯಲ್ ಟೈಮ್ ಪ್ರೊಟೆಕ್ಷನ್", "ಟ್ಯಾಂಪರ್ ಪ್ರೊಟೆಕ್ಷನ್" ಎರಡೂ ಆನ್ ಇರಬೇಕು. ಎರಡನೆಯದು, ವೈರಸ್ಸೇ ಬಂದು ಡಿಫೆಂಡರನ್ನು ಆಫ್ ಮಾಡದಂತೆ ತಡೆಯುವುದು. ಅಲ್ಲೇ ಕೆಳಗೆ "ಎಕ್ಸ್‌ಕ್ಲೂಷನ್ಸ್" ತೆಗೆದು ನೋಡಿ. "ಈ ಫೋಲ್ಡರನ್ನು ಪರೀಕ್ಷಿಸಬೇಡ" ಎಂದು ಯಾರೋ ಹೇಳಿಟ್ಟ ಜಾಗಗಳ ಪಟ್ಟಿ ಅದು. ಪೂರ್ತಿ ಸಿ ಡ್ರೈವನ್ನೇ ಅಲ್ಲಿ ಸೇರಿಸಿಟ್ಟ ಕಂಪ್ಯೂಟರನ್ನು ನೋಡಿದ್ದೇನೆ. ಗುರಾಣಿ ಹಸಿರಾಗಿಯೇ ಇತ್ತು! ನಿಮಗೆ ಗೊತ್ತಿಲ್ಲದ್ದು ಏನಿದ್ದರೂ ಅಳಿಸಿ.

"ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್" ಒಳಗಿನ "ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್" ತಾನಾಗಿ ಆನ್ ಇರುವುದಿಲ್ಲ. ಆನ್ ಮಾಡಿದರೆ ಪರಿಚಯವಿಲ್ಲದ ಪ್ರೋಗ್ರಾಂಗಳು ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರಿನ ಫೈಲುಗಳನ್ನು ಬದಲಿಸಲಾರವು. ಇದರ ಕಿರಿಕಿರಿ ಏನೆಂದರೆ ನಿಮ್ಮ ಹಳೆಯ ಲೆಕ್ಕದ ಸಾಫ್ಟ್‌ವೇರನ್ನೂ ಅದು ತಡೆಯಬಹುದು. ಆಗ "ಅಲೋ ಆ್ಯನ್ ಆ್ಯಪ್" ಮೂಲಕ ಅದಕ್ಕೆ ಅನುಮತಿ ಕೊಡಬೇಕು.

ಝೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವ್

ಆಧಾರ್ ಪ್ರಿಂಟ್ ತೆಗೆಸಿಕೊಂಡು ಬಂದ ಪೆನ್‌ಡ್ರೈವ್ ಹಾಕಿದರೆ ಫೋಲ್ಡರುಗಳ ಬದಲು ಎಲ್ಲವೂ ಶಾರ್ಟ್‌ಕಟ್ ಆಗಿವೆ, ಪ್ರತಿಯೊಂದರ ಮೂಲೆಯಲ್ಲೂ ಪುಟ್ಟ ಬಾಣದ ಗುರುತು. ಇದು ನಮ್ಮೂರುಗಳಲ್ಲಿ ಇನ್ನೂ ಜೀವಂತವಾಗಿರುವ ಹಳೆಯ ವೈರಸ್. ಆ ಶಾರ್ಟ್‌ಕಟ್ಟನ್ನು ಒತ್ತಿದರೆ ನಿಮ್ಮ ಫೋಲ್ಡರೂ ತೆರೆಯುತ್ತದೆ, ಜೊತೆಗೆ ವೈರಸ್ಸೂ ಒಳಗೆ ಹೋಗುತ್ತದೆ. ಒತ್ತಬೇಡಿ. ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ "ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್" ಆರಿಸಿ. ಫೈಲುಗಳು ಎಲ್ಲಿಯೂ ಹೋಗಿರುವುದಿಲ್ಲ, ಬಚ್ಚಿಟ್ಟಿರುತ್ತದೆ ಅಷ್ಟೇ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ ತೋರಿಸುವಂತೆ ಮಾಡಿ, ಅಲ್ಲೇ "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಟಿಕ್ ತೆಗೆದರೆ ಕಾಣಿಸುತ್ತವೆ. ಬೇಕಾದ ಫೋಟೋ, ದಾಖಲೆಗಳನ್ನಷ್ಟೇ ನಕಲು ಮಾಡಿಕೊಂಡು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಮೊದಲಿನ ಟಿಕ್ ವಾಪಸ್ ಹಾಕಿ.

ಕೂಗುವ ಪರದೆಗಳು

ಬ್ರೌಸರಿನಲ್ಲಿ ಏನೋ ನೋಡುತ್ತಿರುವಾಗ ಪರದೆ ತುಂಬ ಕೆಂಪು, ಜೋರು ಸೈರನ್, "ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಈ ನಂಬರಿಗೆ ಫೋನ್ ಮಾಡಿ". ಇದು ಬರೀ ವೆಬ್‌ಪುಟ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಎಸ್ಕೇಪ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಪೂರ್ಣ ಪರದೆ ಬಿಟ್ಟ ಮೇಲೆ ಮುಚ್ಚಿ. ಆಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನೇ ನಿಲ್ಲಿಸಿ.

ಬಲಗಡೆ ಮೂಲೆಯಲ್ಲಿ ಪದೇ ಪದೇ "ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ" ಎಂದು ಬಂದರೆ ಅದರ ಮೇಲೆ ಕ್ರೋಮ್ ಅಂತಲೋ ಎಡ್ಜ್ ಅಂತಲೋ ಸಣ್ಣದಾಗಿ ಬರೆದಿದೆಯೇ ನೋಡಿ. ಇದ್ದರೆ ಅದು ಯಾವುದೋ ಸೈಟಿಗೆ ನೀವು ಒಮ್ಮೆ "ಅಲೋ" ಒತ್ತಿದ್ದರ ಫಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ಸ್ ತೆಗೆದು ಪರಿಚಯವಿಲ್ಲದ ಸೈಟುಗಳನ್ನೆಲ್ಲ ಅಳಿಸಿದರೆ ನಿಲ್ಲುತ್ತದೆ.

ಪುಕ್ಕಟೆ ಫೋಟೋಶಾಪ್, ಆಟಗಳ ಕ್ರ್ಯಾಕ್ ಇಳಿಸುವಾಗ "ಮೊದಲು ಡಿಫೆಂಡರ್ ಆಫ್ ಮಾಡಿ" ಅಂತ ಬರೆದಿರುತ್ತಾರಲ್ಲ, ಅದನ್ನು ಓದಿಯೂ ಆಫ್ ಮಾಡುವವರಿಗೆ ಯಾವ ಆಂಟಿವೈರಸ್ಸೂ ಸಹಾಯ ಮಾಡಲಾರದು. ಫೈಲುಗಳಿಗೆ ಬೀಗ ಹಾಕುವ ಸ್ಟಾಪ್ ಅಥವಾ ಡಿಜೆವಿಯು ಎಂಬ ರ‍್ಯಾನ್ಸಮ್‌ವೇರ್ ಮನೆ ಕಂಪ್ಯೂಟರುಗಳಿಗೆ ಹರಡಿದ್ದು ಹೆಚ್ಚಾಗಿ ಈ ದಾರಿಯಲ್ಲೇ.

ಆಗಬಾರದ್ದು ಆಗಿಹೋದರೆ

ಮೊದಲು ನೆಟ್ ಕಿತ್ತುಹಾಕಿ. ಫುಲ್ ಸ್ಕ್ಯಾನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ "ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್" ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಸುಮಾರು ಹದಿನೈದು ನಿಮಿಷ ಹುಡುಕುತ್ತದೆ. ತೆರೆದ ಕೆಲಸವನ್ನು ಮೊದಲೇ ಸೇವ್ ಮಾಡಿಕೊಳ್ಳಿ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಪುಕ್ಕಟೆ ಶುಚಿಗೊಳಿಸುವ ಸಾಧನಗಳಿವೆ. ಫೈಲುಗಳಿಗೆ ಬೀಗ ಬಿದ್ದಿದ್ದರೆ ಯೂರೋಪೋಲ್ ಮತ್ತು ಡಚ್ ಪೊಲೀಸರು 2016ರಲ್ಲಿ ಶುರುಮಾಡಿದ "ನೋ ಮೋರ್ ರ‍್ಯಾನ್ಸಮ್" ತಾಣದಲ್ಲಿ ಕೀಲಿಕೈ ಸಿಗುತ್ತದೆಯೇ ನೋಡಿ. ಎಲ್ಲಕ್ಕೂ ಸಿಗುವುದಿಲ್ಲ. ಪಾಸ್‌ವರ್ಡುಗಳನ್ನು ಬೇರೆ ಕಂಪ್ಯೂಟರಿನಿಂದಲೋ ಫೋನಿನಿಂದಲೋ ಬದಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಬ್ಯಾಕಪ್ ಇದ್ದವರಿಗೆ ಇದರಲ್ಲಿ ಅರ್ಧ ತಲೆನೋವು ಇಲ್ಲ. ಒಂದು ಹೊರಗಿನ ಹಾರ್ಡ್‌ಡಿಸ್ಕ್ ತಂದು, ತಿಂಗಳ ಅಪ್‌ಡೇಟಿನ ದಿನವೇ ಫೋಟೋ, ಲೆಕ್ಕ, ದಾಖಲೆಗಳನ್ನು ಅದಕ್ಕೆ ಹಾಕಿ. ಹಾಕಿದ ಮೇಲೆ ಕೇಬಲ್ ತೆಗೆದು ಬೀರುವಿನಲ್ಲಿಡಿ. ಸಿಕ್ಕಿಸಿಯೇ ಇಟ್ಟ ಹಾರ್ಡ್‌ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಬೀಗ ಹಾಕುತ್ತದೆ.

ಊರಿನ ಕಂಪ್ಯೂಟರನ್ನು ದೂರದಿಂದ ನೋಡಿಕೊಳ್ಳುವವರಿಗೆ

ಮಕ್ಕಳು ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ, ಕಂಪ್ಯೂಟರ್ ಊರಲ್ಲಿ ಅಪ್ಪ ಅಮ್ಮನ ಹತ್ತಿರ. ಇಂಥ ಮನೆಗಳಿಗೆ ಎರಡು ಕೆಲಸ ಮಾಡಿಟ್ಟು ಬನ್ನಿ. ಅಪ್ಪನ ಬಳಕೆಗೆ "ಸ್ಟ್ಯಾಂಡರ್ಡ್" ಖಾತೆ ಮಾಡಿ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ಆಮೇಲೆ ಸಿಕ್ಕಿದ್ದೆಲ್ಲ ಇನ್‌ಸ್ಟಾಲ್ ಆಗುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಎರಡನೆಯದು ವಿಂಡೋಸ್‌ನ "ಕ್ವಿಕ್ ಅಸಿಸ್ಟ್" ತೋರಿಸಿಕೊಡಿ. ಕಂಟ್ರೋಲ್, ವಿಂಡೋಸ್, ಕ್ಯೂ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ, ನೀವು ಕೊಡುವ ಕೋಡ್ ಅವರು ಟೈಪ್ ಮಾಡಿದರೆ ಅವರ ಪರದೆ ನಿಮಗೆ ಕಾಣುತ್ತದೆ. ಗುರಾಣಿಯ ಬಣ್ಣ, ಕೊನೆಯ ಅಪ್‌ಡೇಟಿನ ತಾರೀಖು, ವಿಂಡೋಸ್ ಅಪ್‌ಡೇಟ್ ಪುಟ, ಮೂರನ್ನೂ ನೋಡಲು ಹತ್ತು ನಿಮಿಷ ಸಾಕು.

ಮೋಸಗಾರರೂ ಇದೇ ಕ್ವಿಕ್ ಅಸಿಸ್ಟ್, ಎನಿಡೆಸ್ಕ್‌ಗಳನ್ನೇ ಬಳಸುತ್ತಾರೆ, ಹಾಗಾಗಿ ಅಪ್ಪನಿಗೆ ಒಂದನ್ನು ಖಡಾಖಂಡಿತವಾಗಿ ಹೇಳಿಡಿ: ಕೋಡ್ ಹಾಕುವುದು ಅವರೇ ನಿಮ್ಮ ನಂಬರಿಗೆ ಫೋನ್ ಮಾಡಿ ನಿಮ್ಮ ದನಿ ಕೇಳಿದ ಮೇಲೆ ಮಾತ್ರ. ಬ್ಯಾಂಕಿನವರು, ಮೈಕ್ರೋಸಾಫ್ಟಿನವರು, ಪೊಲೀಸರು ಅಂತ ಹೇಳಿಕೊಂಡು ಯಾರೇ ಫೋನ್ ಮಾಡಿ ಕೋಡ್ ಕೊಟ್ಟರೂ "ಮಗನನ್ನ ಕೇಳಿ ಹೇಳ್ತೀನಿ" ಎಂದು ಫೋನ್ ಇಟ್ಟುಬಿಡಲಿ.